ಅಟ್ಟೆಯ ಸಾಕ್ಷಿ

ಹೆಂಡತಿಯ ಬಲಗಾಲಿನ ಚಪ್ಪಲಿಯನ್ನು ಬೋರಲು ಮಾಡಿ ನೋಡಿದ ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಹೆಬ್ಬೆರಳಿನ ಕೆಳಗೆ ಅಟ್ಟೆ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಾಗಿತ್ತು. ಹಾಕಿ ಒಂಬತ್ತೇ ದಿನ. ಹೋದ ಸಲದ್ದು ಹನ್ನೆರಡು ದಿನ ಬಾಳಿತ್ತು. ಅದರ ಹಿಂದಿನದು ಹದಿನೈದು.

ಅಂಗಡಿಯ ಒಳಭಾಗದಲ್ಲಿ, ಪರದೆಯ ಹಿಂದೆ, ಹೆಂಡತಿ ಮಲಗಿದ್ದಳು. ಊಟವಾದ ಮೇಲೆ ಅರ್ಧ ಗಂಟೆ ನಿದ್ದೆಯಿಲ್ಲದಿದ್ದರೆ ಅವಳಿಗೆ ಸಂಜೆ ಮೆಟ್ಟಿಲು ಹತ್ತುವ ತ್ರಾಣ ಉಳಿಯುತ್ತಿರಲಿಲ್ಲ. ಆ ಅರ್ಧ ಗಂಟೆಯೊಳಗೆ ಅವನ ಕೆಲಸ ಮುಗಿಯಬೇಕು. ನಾಳೆ ತಿಂಗಳ ಮೊದಲನೆಯ ದಿನ. ಅವಳು ಚಪ್ಪಲಿ ತಿರುಗಿಸಿ ನೋಡುವ ದಿನ.

ಚರ್ಮ ಕೊಯ್ಯುವ ರಂಪಿಗೆಯ ತುದಿಯಿಂದ ಅವನು ಹಳೆಯ ಅಟ್ಟೆಯನ್ನು ಎಬ್ಬಿಸಿ ಕಿತ್ತ. ಮೊದಲೇ ಕತ್ತರಿಸಿಟ್ಟಿದ್ದ ಹೊಸದನ್ನು ಅಂಟಿಸಿ, ಸುತ್ತಿಗೆಯ ತಲೆಗೆ ಬಟ್ಟೆ ಸುತ್ತಿ ಸದ್ದಾಗದಂತೆ ಬಡಿದ. ಇಲ್ಲಿಯವರೆಗಿನದು ಯಾವ ಚಪ್ಪಲಿ ಕೆಲಸದವನೂ ಮಾಡುವಂಥದ್ದೇ. ಆಮೇಲಿನದನ್ನು ಮಾಡುವಾಗ ಮಾತ್ರ ಅವನು ಬೀದಿಯ ಕಡೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದ. ಹೊಸ ಅಟ್ಟೆಯ ಹೊಳಪನ್ನು ಉಪ್ಪುಕಾಗದದಿಂದ ತೆಗೆದ. ಹೆಬ್ಬೆರಳಿನ ಜಾಗವನ್ನು ಅರದಿಂದ ಅಷ್ಟೇ ಅಷ್ಟು ತೇದ. ಹಳೆಯ ಕರಿ ಪಾಲಿಶ್ ಸವರಿ, ಹೊಸ್ತಿಲ ಧೂಳನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದ. ನಲವತ್ತು ವರ್ಷದಿಂದ ಹಳೆಯದನ್ನು ಹೊಸದು ಮಾಡಿ ಕೊಟ್ಟ ಕೈ ಈಗ ಹೊಸದನ್ನು ಹಳೆಯದು ಮಾಡುತ್ತಿತ್ತು.

"ಮೇಸ್ತ್ರಿ, ನಂದು ಆಯ್ತಾ?"

ಅವನು ಬೆಚ್ಚಿ ಚಪ್ಪಲಿಯನ್ನು ತೊಡೆಯ ಮೇಲಿನ ಬಟ್ಟೆಯಡಿಗೆ ತಳ್ಳಿದ. ಬಂದವನು ಬಸ್ ಕಂಡಕ್ಟರ್. ಬೆಳಿಗ್ಗೆ ಕೊಟ್ಟುಹೋಗಿದ್ದ ಬೂಟು ಹಲಗೆಯ ಮೇಲೆ ಸಿದ್ಧವಾಗಿತ್ತು.

"ಮೆಲ್ಲಗೆ ಮಾತಾಡಿ. ಒಳಗೆ ಮಲಗಿದಾಳೆ."

"ಅಕ್ಕ ಹೇಗಿದಾರೆ?"

"ಇದಾಳೆ." ಮೇಸ್ತ್ರಿ ಬೂಟನ್ನು ಕೊಟ್ಟ. "ನಿಮ್ಮ ಎಡಗಾಲಿಂದು ಹೊರಗಡೆ ತಿಂದುಹೋಗಿತ್ತು. ಟಿಕೆಟ್ ಕೊಡುವಾಗ ಸೀಟಿಗೆ ಒರಗಿ ನಿಲ್ತೀರಲ್ಲ, ಅದಕ್ಕೆ. ಅದು ಹಳೇದು. ಆದ್ರೆ ಈ ಸಲ ಬಲಗಾಲಿನ ಹಿಮ್ಮಡೀನೂ ಸವೆದಿದೆ. ಹೊಸದಾಗಿ ಏನು ಹೊರ್ತಿದೀರಿ?"

ಕಂಡಕ್ಟರ್ ಕಣ್ಣರಳಿಸಿ ನಕ್ಕ. "ನೀವು ಚಪ್ಪಲಿ ಹೊಲಿಯೋರೋ ಪೊಲೀಸಿನೋರೋ! ಮಗಳು ಮಾರಾಯ್ರೆ. ಎರಡು ವರ್ಷ ತುಂಬಿತು. ಮನೆಗೆ ಹೋದ್ರೆ ಬೂಟು ಬಿಚ್ಚೋಕೂ ಬಿಡಲ್ಲ, ಬಲಗೈಯಿಂದ ಇಳಿಯೋದೇ ಇಲ್ಲ. ನೆಲ ಅಂದ್ರೆ ಅವಳಿಗೆ ಕೆಂಡ."

"ಇಳಿಸಬೇಡಿ," ಎಂದ ಮೇಸ್ತ್ರಿ.

ಕಂಡಕ್ಟರ್ ಹೋದ ಮೇಲೆ ಚಪ್ಪಲಿಯನ್ನು ಮತ್ತೆ ತೆಗೆದುಕೊಂಡ ಅವನ ಕೈ ಉಪ್ಪುಕಾಗದದಿಂದ ಅಟ್ಟೆಯನ್ನು ಉಜ್ಜುತ್ತಲೇ ಇತ್ತು. ಮನಸ್ಸು ಅಲ್ಲಿರಲಿಲ್ಲ. ಪರದೆಯ ಹಿಂದೆ ಮಂಚ ಕಿರ್ ಎಂದಿತು. ಅವನು ಅವಸರದಲ್ಲಿ ಚಪ್ಪಲಿಗೆ ಮತ್ತೆ ಪಾಲಿಶ್ ಸವರಿ, ಒರೆಸಿ, ಮಂಚದ ಕೆಳಗೆ, ಮೊದಲು ಇದ್ದ ಜಾಗದಲ್ಲೇ ಸರಿಸಿದ.

ಅಟ್ಟೆ ನೋಡಿ ನಡಿಗೆ ಹೇಳುವುದು ಅವನಿಗೆ ತಂದೆಯಿಂದ ಬಂದ ವಿದ್ಯೆ. ಮೊಣಕಾಲು ನೋಯುವವರು, ಸೊಂಟ ಹಿಡಿದವರು, ಅವಸರದವರು, ಸೋಮಾರಿಗಳು, ಮಗುವನ್ನು ಒಂದೇ ಸೊಂಟದಲ್ಲಿ ಹೊತ್ತು ತಿರುಗುವ ತಾಯಂದಿರು, ಎಲ್ಲರೂ ತಮ್ಮ ವಿಷಯವನ್ನು ಅಂಗಾಲಿನಡಿ ಬರೆದುಕೊಂಡೇ ಅವನ ಅಂಗಡಿಗೆ ಬರುತ್ತಿದ್ದರು. ತಂದೆ ಒಂದು ಪ್ರಾರ್ಥನೆಯನ್ನೂ ಕಲಿಸಿದ್ದ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಕೈಮುಗಿದು ಹೇಳಬೇಕು: "ದೇವರೇ, ನಾನು ಹೊಲಿದದ್ದು ಯಾರನ್ನೂ ಕೆಡವದಿರಲಿ. ನಾನು ಹೇಳಿದ್ದು ಯಾರಿಗೂ ಸುಳ್ಳಾಗದಿರಲಿ."

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರಿನವರ ಅಟ್ಟೆಯನ್ನೆಲ್ಲ ಓದಿದವನು ಮನೆಯದನ್ನು ಓದಲಿಲ್ಲ. ಮೂರು ವರ್ಷದ ಹಿಂದೆ ಹೆಂಡತಿಯ ಬಲಗಾಲಿನ ಚಪ್ಪಲಿ ತುದಿಯಲ್ಲಿ ಸವೆಯತೊಡಗಿದಾಗ, "ಕಾಲೆತ್ತಿ ನಡಿಯೇ, ನೆಲ ಏನೂ ಓಡಿಹೋಗಲ್ಲ," ಎಂದು ಗದರಿದ್ದ. ಎರಡನೆಯ ಸಲವೂ ಸವೆದಾಗ ಅಲ್ಲಿಗೆ ಅರ್ಧಚಂದ್ರದಂಥ ಕಬ್ಬಿಣದ ಬಿಲ್ಲೆ ಬಡಿದು, "ಈಗ ಸವೆಸು, ನೋಡೋಣ," ಎಂದು ನಕ್ಕಿದ್ದ. ಮೊದಲೇ ಏಳಲಾರದ ಪಾದಕ್ಕೆ ಕಬ್ಬಿಣದ ಭಾರವೂ ಸೇರಿತು. ಹದಿನಾರನೆಯ ದಿನ ಅವಳು ಬೀದಿಯಲ್ಲಿ ಮುಗ್ಗರಿಸಿ ಬಿದ್ದಳು. ಮುಂದಿನ ಹಲ್ಲಿನ ಚೂರು ಹೋಯಿತು.

ಆಮೇಲೆ ಆಸ್ಪತ್ರೆ, ಸೂಜಿ, ದೊಡ್ಡ ಯಂತ್ರಗಳು. ಕೊನೆಗೆ ವೈದ್ಯೆ ಒಂದು ಉದ್ದನೆಯ ಹೆಸರು ಹೇಳಿದಳು. ಬೆನ್ನುಹುರಿಯಿಂದ ಕಾಲಿಗೆ ಇಳಿಯುವ ನರಗಳು ಒಂದೊಂದಾಗಿ ಒಣಗುವ ರೋಗ. "ವಾಸಿಯಾಗುವಂಥದ್ದಲ್ಲ. ಒಂದೇ ಸಲ ಕೆಡುವಂಥದ್ದೂ ಅಲ್ಲ. ಇಳಿಜಾರು ಅಂದುಕೊಳ್ಳಿ," ಎಂದಳು. ಎಷ್ಟು ದಿನದ ಇಳಿಜಾರು ಎಂದು ಇವನು ಕೇಳಿದ. ಅದು ಒಬ್ಬೊಬ್ಬರಿಗೆ ಒಂದೊಂದು ತರಹ ಎಂದಳು.

ಇಳಿಜಾರಿನಲ್ಲಿ ಬದುಕುವುದೆಂದರೆ ಆಯಾಸವೇ ಹೊರತು ಬೇರೇನಲ್ಲ. ಬೆಳಿಗ್ಗೆ ಅವಳ ಕಾಲುಗಳು ಹಲಗೆಯಂತೆ ಸೆಟೆದಿರುತ್ತಿದ್ದವು. ಅವನು ಮಂಚದ ತುದಿಯಲ್ಲಿ ಕೂತು ಮೊಣಕಾಲನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಹದಕ್ಕೆ ತರಬೇಕು. ಸ್ನಾನ ಮಾಡಿದ ದಿನ ಅಡುಗೆಗೆ ನಿಲ್ಲಲಾಗದು. ಅಡುಗೆಗೆ ನಿಂತ ದಿನ ತಲೆ ಬಾಚುವಷ್ಟೂ ಶಕ್ತಿ ಇರದು. ಇಷ್ಟೇ ಹೆಜ್ಜೆ ಎಂದು ಯಾರೋ ಬೆಳಿಗ್ಗೆಯೇ ಅಳೆದು ಕೈಗಿಟ್ಟಂತೆ ಅವಳು ಜೋಪಾನವಾಗಿ ನಡೆಯುತ್ತಿದ್ದಳು. ಉಳಿಸಿದ ಹೆಜ್ಜೆಗಳನ್ನೆಲ್ಲ ಮೆಟ್ಟಿಲಿಗೆ ಇಡುತ್ತಿದ್ದಳು. ಬೆಳಿಗ್ಗೆ ಒಂದು ಸಲ ಇಳಿಯುವುದು, ಸಂಜೆ ಒಂದು ಸಲ ಹತ್ತುವುದು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನೇಳು ಮೆಟ್ಟಿಲು.

ತಿಂಗಳ ಮೊದಲ ದಿನ ಚಪ್ಪಲಿ ತಿರುಗಿಸಿ ನೋಡುವುದನ್ನು ಅವಳೇ ಹಚ್ಚಿಕೊಂಡಳು. ಮೂವತ್ತು ವರ್ಷ ಅವನ ಪಕ್ಕದಲ್ಲಿ ಕೂತು ಬಾರು ಹೊಲಿದವಳು. ಅವಳಿಗೂ ಅಟ್ಟೆಯ ಭಾಷೆ ಬರುತ್ತಿತ್ತು. "ಡಾಕ್ಟ್ರಿಗಿಂತ ಇದು ವಾಸಿ. ಮುಖ ನೋಡಿ ಮಾತಾಡಲ್ಲ," ಎನ್ನುತ್ತಿದ್ದಳು. ಹೋದ ವರ್ಷ ಒಂದು ತಿಂಗಳು ತಿರುಗಿಸಿ ನೋಡಿದಾಗ ತುದಿಯಲ್ಲಿ ತೂತು ಬಿದ್ದಿತ್ತು.  ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಎದ್ದು, "ರೀ, ನಾನು ಹೋಗ್ಬಿಟ್ರೆ ನಿಮಗೆ ಎಷ್ಟು ಹಗುರ ಆಗತ್ತೆ ಅಲ್ವಾ," ಎಂದಳು, ಹವಾಮಾನದ ಮಾತಾಡುವಂತೆ.

ಮುಂದಿನ ತಿಂಗಳು ಅವನು ಒಂದು ದಿನ ಮುಂಚೆಯೇ ಅಟ್ಟೆ ಬದಲಿಸಿದ. ಹಳೆಯದರಂತೆ ತೇದಿಟ್ಟ. ಅವಳು ನೋಡಿದಳು, ಬೆಳಕಿಗೆ ಹಿಡಿದಳು, ಮತ್ತೆ ನೋಡಿದಳು. "ರೀ, ನಿಂತಿದೆ! ಸವೆದೇ ಇಲ್ಲ!" ಎಂದು ಚೂರಾದ ಹಲ್ಲು ಕಾಣುವಂತೆ ನಕ್ಕಳು. ಆ ನಗುವಿಗೆ ಅವನು ಸೋತ. ಅಂದಿನಿಂದ ಬೆಳಗಿನ ಪ್ರಾರ್ಥನೆಯ ಎರಡನೆಯ ಸಾಲನ್ನು ಅವನು ಬಿಟ್ಟ. ಮೊದಲ ಸಾಲು ಹೇಳಿ ಬಾಗಿಲು ತೆರೆದುಬಿಡುತ್ತಿದ್ದ.

ಮೂರು ಗಂಟೆಯ ಹೊತ್ತಿಗೆ ಬಡಗಿ ಬಂದ. ಹೆಂಡತಿಯ ತಮ್ಮ. ಕಿವಿಗೆ ಪೆನ್ಸಿಲು, ಕೈಯಲ್ಲಿ ಅಳತೆ ಟೇಪು.

"ಭಾವ, ಈ ಪರದೆ ಕಿತ್ತು ಇಲ್ಲಿಂದ ಇಲ್ಲಿಗೆ ಒಂದು ಮರದ ಗೋಡೆ. ಹಿಂದಿನ ಬಾಗಿಲು ಬಚ್ಚಲಿಗೆ ಹತ್ತಿರ. ಒಂದು ಕಿಟಕಿ ಒಡೆದುಕೊಡ್ತೀನಿ. ಎರಡು ದಿನದ ಕೆಲಸ. ಅಕ್ಕನ ಗಾಲಿ ಕುರ್ಚೀನೂ ತಿರುಗತ್ತೆ."

"ಯಾರ ಗಾಲಿ ಕುರ್ಚಿ?" ಮಂಚದ ಮೇಲೆ ಕೂತಿದ್ದ ಅವಳು ಎಡಗೈಯಲ್ಲಿ ದಬ್ಬಳ ಹಿಡಿದು ಬಾರು ಹೊಲಿಯುತ್ತಿದ್ದಳು. ಅವಳು ಎಡಚಿ. "ಲೋ, ನೀನು ಆ ಟೇಪು ಹಿಡ್ಕೊಂಡು ಬಂದ್ರೆ ನನಗೆ ಶವಪೆಟ್ಟಿಗೆ ಅಳೆಯೋಕೆ ಬಂದ ಹಾಗಿರತ್ತೆ."

"ಅದಕ್ಕೆ ನೀನು ಬಾಯಿ ಮುಚ್ಚಿ ಮಲಗಬೇಕು ಅಕ್ಕ. ನಿನ್ನ ಕೈಲಿ ಅದೊಂದು ಆಗಲ್ಲ."

"ಕಾಲು ಹೋದ್ರೂ ಬಾಯಿ ಇದೆಯಪ್ಪ."

"ನಗಬೇಡ. ಹದಿನೇಳು ಮೆಟ್ಟಿಲು. ಎರಡೂ ಕಡೆ ಹಿಡಿಕೆ ಹಾಕಿಕೊಟ್ಟೋನು ನಾನು. ಆ ಹಿಡಿಕೆಗಳು ಈಗ ಎಷ್ಟು ಅಲ್ಲಾಡ್ತಿವೆ ಅಂತ ನೋಡಿದೀಯಾ? ಮೊಳೆ ಕಿತ್ತು ಬರೋ ಹಾಗೆ ಜಗ್ತಿದೀಯ ನೀನು. ಮುಂಚೆ ಹೀಗಿರಲಿಲ್ಲ. ಒಂದಿನ ಉರುಳಿದ್ರೆ ನೀನೂ ಹೋಗ್ತೀಯ, ಹಿಂದೆ ನಿಂತಿರೋ ಭಾವಾನೂ ಹೋಗ್ತಾರೆ."

ಅವಳು ದಬ್ಬಳವನ್ನು ಬಾರಿಗೆ ಚುಚ್ಚಿ ನಿಲ್ಲಿಸಿದಳು. "ಮೇಲೆ ನನ್ನ ಮನೆ ಇದೆ. ಕಿಟಕಿ ಇದೆ. ಒಂದು ಸಲ ಇಳಿದ್ರೆ ಮತ್ತೆ ಹತ್ತೋದುಂಟಾ? ಕಾಲು ಕೆಡ್ತಾ ಇದ್ರೆ ನಾನೇ ಹೇಳ್ತಿದ್ದೆ, ಒಡಿ ನಿನ್ನ ಕಿಟಕಿ ಅಂತ. ಆರು ತಿಂಗಳಿಂದ ಕೆಟ್ಟಿಲ್ಲ. ಬೇಕಾದ್ರೆ ಇವರನ್ನೇ ಕೇಳು. ಚಪ್ಪಲಿ ನೋಡು. ಮನುಷ್ಯ ಸುಳ್ಳು ಹೇಳ್ತಾನೆ, ಅಟ್ಟೆ ಹೇಳತ್ತೇನೋ?"

ಬಡಗಿ ತಿರುಗಿದ. "ಹೇಳಿ ಭಾವ. ನೀವು ಹೇಳಿದ್ರೆ ಕೇಳ್ತಾಳೆ."

ಮೇಸ್ತ್ರಿ ಒಂದು ಮೊಳೆಯನ್ನು ತುಟಿಯ ನಡುವೆ ಇಟ್ಟುಕೊಂಡ. ಕೆಲಸದವರಿಗೆ ಅದೊಂದು ಅನುಕೂಲ. ಬಾಯಲ್ಲಿ ಮೊಳೆಯಿದ್ದವನನ್ನು ಯಾರೂ ಮಾತಾಡು ಎಂದು ಒತ್ತಾಯಿಸುವುದಿಲ್ಲ. ಆದರೆ ಬಡಗಿಯೂ ಮೊಳೆಯವನೇ. ಸುಮ್ಮನೆ ಕಾದ.

"ಅವಳಿಷ್ಟ," ಎಂದ ಮೇಸ್ತ್ರಿ ಕೊನೆಗೆ, ಮೊಳೆಯ ಪಕ್ಕದಿಂದ.

"ಒಳ್ಳೇ ಗಂಡ!" ಬಡಗಿ ಟೇಪನ್ನು ಟಪ್ಪೆಂದು ಸುತ್ತಿಕೊಂಡ. "ಊರಿಗೆಲ್ಲ ಮೊಣಕಾಲು ಭವಿಷ್ಯ ಹೇಳ್ತೀರಿ. ಮನೇಲಿ ಮೊಳೆ ಕಚ್ಕೊಂಡು ಕೂರ್ತೀರಿ." ಚಹಾ ಕುಡಿಯದೆ ಹೊರಟುಹೋದ.

ಬೀದಿದೀಪ ಹತ್ತುವ ಹೊತ್ತಿಗೆ ಅಂಗಡಿ ಮುಚ್ಚಿ ಮೆಟ್ಟಿಲ ಬುಡಕ್ಕೆ ಬಂದರು. ಅವಳು ಎರಡೂ ಹಿಡಿಕೆ ಹಿಡಿದಳು. ಅವನು ಒಂದು ಮೆಟ್ಟಿಲು ಕೆಳಗೆ, ಅಂಗೈಯನ್ನು ಅವಳ ಸೊಂಟಕ್ಕೆ ಕೊಟ್ಟು ನಿಂತ. ಎಡಗಾಲು ಹೇಳಿದ ಮಾತು ಕೇಳುತ್ತಿತ್ತು. ಬಲಗಾಲಿಗೆ ಅವಳು ದೊಡ್ಡಮ್ಮ ಎಂದು ಹೆಸರಿಟ್ಟಿದ್ದಳು. ಕೂತಲ್ಲಿಂದ ಏಳುವುದಿಲ್ಲ, ಕರೆದರೆ ಬರುವುದಿಲ್ಲ, ಬಂದರೂ ಗೊಣಗುತ್ತ ಬರುತ್ತದೆ ಎಂದು.

"ಏಳು ದೊಡ್ಡಮ್ಮ," ಎಂದಳು. ಬಲಗಾಲು ಮೆಟ್ಟಿಲ ಮುಖಕ್ಕೆ ತಾಗಿ, ಉಜ್ಜಿ, ಮೇಲೇರಿತು. "ಒಂದು."

ಐದರಲ್ಲಿ ನಿಂತು ಉಸಿರಾಡಿದರು. ಎಂಟರಲ್ಲಿ ನಿಂತರು. ಅವಳ ಬೆನ್ನು ಒದ್ದೆಯಾಗಿ ಅವನ ಅಂಗೈಗೆ ಅಂಟಿತು. ಅವನ ಸೊಂಟದಲ್ಲೂ ಹಳೆಯ ನೋವು ಎದ್ದಿತು. ಹನ್ನೊಂದಕ್ಕೆ ದೊಡ್ಡಮ್ಮ ಬಂದಳು, ಆದರೆ ಹೊಸ ಅಟ್ಟೆಯ ತುದಿ ಮೆಟ್ಟಿಲ ಅಂಚಿಗೆ ಕಚ್ಚಿ ಬಿಡಲಿಲ್ಲ. ಎಡ ಮೊಣಕಾಲು ಮಡಚಿಕೊಂಡಿತು. ಬಲಗಡೆಯ ಹಿಡಿಕೆ ಗೋಡೆಯಿಂದ ಒಂದು ಬೆರಳು ಕಿತ್ತು ಬಂತು. ಅವಳ ಭಾರವೆಲ್ಲ ಅವನ ಎದೆಯ ಮೇಲೆ ಬಿತ್ತು. ಅವನು ಹಲ್ಲು ಕಚ್ಚಿ, ಗೋಡೆಗೆ ಭುಜ ಒತ್ತಿ, ಹೇಗೋ ಅವಳನ್ನು ಅದೇ ಮೆಟ್ಟಿಲ ಮೇಲೆ ಕೂರಿಸಿದ. ತಾನೂ ಕೆಳಗಿನದರಲ್ಲಿ ಕೂತ. 

ಅವಳ ಬಲಗಾಲು ನಡುಗುತ್ತಿತ್ತು. ಅವನು ಹಿಮ್ಮಡಿಯ ಬಾರು ಬಿಚ್ಚಿ, ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು, ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದ. ನಲವತ್ತು ವರ್ಷದ ಅಭ್ಯಾಸ. ಅವನ ಕೈಗೆ ಬಂದ ಚಪ್ಪಲಿ ಬೋರಲಾಗಿಯೇ ಕೆಳಗಿಳಿಯುತ್ತದೆ. ತಲೆಯ ಮೇಲೆ ದೀಪವಿತ್ತು. ಅಟ್ಟೆ ಅವಳ ಕಣ್ಣಿನ ನೇರಕ್ಕೆ, ಒಂದು ಮೊಳ ದೂರದಲ್ಲಿತ್ತು.

ಅವಳು ಮೊದಲು ಸುಮ್ಮನೆ ನೋಡಿದಳು. ಆಮೇಲೆ ಎಡಗೈ ಚಾಚಿ ಅದನ್ನು ಎತ್ತಿಕೊಂಡಳು. ಮೆಟ್ಟಿಲಂಚಿಗೆ ಕಚ್ಚಿದ ಕಡೆ ಪಾಲಿಶ್ ಕೆತ್ತಿಹೋಗಿ, ಒಳಗಿನ ಹೊಸ ಬಣ್ಣ ಕಾಣುತ್ತಿತ್ತು. ಉಗುರಿನಿಂದ ಇನ್ನೊಂದು ಕಡೆ ಕೆರೆದಳು. ಅಲ್ಲೂ ಹೊಸದು.

"ಯಾವಾಗ ಹಾಕಿದ್ರಿ?"

ಅವನ ಕೈ ಪಾದದ ಮೇಲೆ ನಿಂತಿತು. "ಇವತ್ತು ಮಧ್ಯಾಹ್ನ."

"ಇದೊಂದೇನಾ?"

"ಅಲ್ಲ."

"ಎಷ್ಟು?"

"ಇದು ಹದಿನಾಲ್ಕನೇದು."

ಅವಳು ಎದುರಿನ ಗೋಡೆ ನೋಡಿದಳು. "ನಾನು ‘ನಿಂತಿದೆ’ ಅಂತ ನಗ್ತಿದ್ನಲ್ಲ. ನೀವೂ ನಗ್ತಿದ್ರಿ."

"ಹೂಂ."

"ಅದನ್ನ ನಂಬ್ಕೊಂಡು ದಿನಾ ಹತ್ತಿದೆ. ತಮ್ಮನ್ನ ಬೈದು ಕಳಿಸಿದೆ. ಬಿದ್ದಿದ್ರೆ?"

"ಹಿಂದೆ ನಾನಿದ್ದೆ."

"ನೀವಿದ್ರೆ ಏನು? ಒಬ್ರು ಬೀಳೋ ಕಡೆ ಇಬ್ರು ಬೀಳ್ತಿದ್ವಿ."

 "ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ," ಎಂದ. "ಎರಡು ದಿನ. ನನಗೆ ಅದನ್ನ ನೋಡೋಕಾಗಲಿಲ್ಲ ಕಣೆ. ಮೊದಲು ಕಬ್ಬಿಣ ಬಡಿದು ಕೆಡವಿದೋನೂ ನಾನೇ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅವಳು ಚಪ್ಪಲಿಯನ್ನು ಮಡಿಲಿಗೆ ಎಸೆಯುವಂತೆ ಇಟ್ಟಳು, ಮತ್ತೆ ಎತ್ತಿದಳು. ಈ ಸಲ ಹಿಮ್ಮಡಿಯ ಕಡೆ ನೋಡಿದಳು. ದೀಪಕ್ಕೆ ಓರೆಯಾಗಿ ಹಿಡಿದಳು. ಹೆಬ್ಬೆರಳಿನಿಂದ ಹೊರ ಅಂಚನ್ನು ಸವರಿದಳು, ಒಂದು ಸಲ, ಎರಡು ಸಲ.

"ರೀ."

"ಏನು?"

"ತುದಿ ಸರಿಯಾಗಿ ತೇದಿದೀರಿ. ಹಿಮ್ಮಡಿ ಯಾಕೆ ಹೀಗೆ ಉಜ್ಜಿದ್ರಿ?"

ಅವನು ಬಗ್ಗಿ ನೋಡಿದ. ಹಿಮ್ಮಡಿಯ ಹೊರ ಅಂಚು ನಯವಾಗಿ, ಓರೆಯಾಗಿ, ಎರಡು ಬೆರಳಗಲ ಸವೆದಿತ್ತು. ಅಲ್ಲಿ ತೇದದ್ದು ಅವನಿಗೆ ನೆನಪೇ ಇರಲಿಲ್ಲ. ಈಗಿನ ಅವಳ ಬಲ ಹಿಮ್ಮಡಿ ನೆಲವನ್ನೇ ಸರಿಯಾಗಿ ಮುಟ್ಟುತ್ತಿರಲಿಲ್ಲ.

"ಕಂಡಕ್ಟರ್ ಬಂದಿದ್ದ," ಎಂದ. "ಅವನ ಮಗಳ ಮಾತು ಬಂತು. ಆಮೇಲೆ ಕೈ ಏನು ಮಾಡ್ತೋ..."

"ಇದು ನನ್ನ ಈಗಿನ ಕಾಲಿಂದಲ್ಲ." ಅವಳ ದನಿ ಸಣ್ಣಗಾಯಿತು. "ಇದು ಅವಳು ಸೊಂಟದ ಮೇಲಿದ್ದಾಗಿಂದು. ಎಡಗೈ ಕೆಲಸಕ್ಕೆ ಬೇಕು ಅಂತ ಬಲಗಡೆ ಎತ್ಕೊಳ್ತಿದ್ದೆ. ನಾಲ್ಕು ವರ್ಷ. ಆಮೇಲೆ ಯಾವತ್ತೂ ಹೀಗೆ ಸವೆದಿಲ್ಲ."

ಅವನು ತಲೆ ತಗ್ಗಿಸಿದ. ಜ್ವರ ಬಂದು ಮೂರೇ ದಿನಕ್ಕೆ ಮಗು ಹೋಗಿ ಇಪ್ಪತ್ತೇಳು ವರ್ಷವಾಗಿತ್ತು. ಮೇಲಿನ ಕಿಟಕಿಯ ಕೆಳಗೆ ಮಗಳು ಹತ್ತಿ ನಿಲ್ಲುತ್ತಿದ್ದ ಮರದ ಮಣೆ ಇನ್ನೂ ಇತ್ತು. ಅದರ ಮೇಲೆ ಈಗ ನೀರಿನ ಹೂಜಿ ಇಡುತ್ತಿದ್ದರು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಕೊಟ್ಟವನು ದೇವರು, ಕರೆದುಕೊಂಡವನೂ ದೇವರು ಎಂದು ಅವನು ಅಂದೇ ಬಾಯಿ ಮುಚ್ಚಿದ್ದ. ಕೈಗೆ ಮಾತ್ರ ಯಾರೂ ಹಾಗೆ ಹೇಳಿರಲಿಲ್ಲ.

ಅವಳು ಅಳಲಿಲ್ಲ. ಹಿಮ್ಮಡಿಯ ಆ ಓರೆಯನ್ನು ಸವರುತ್ತ ಬಹಳ ಹೊತ್ತು ಕೂತಿದ್ದಳು. ಕೊನೆಗೆ, "ಹಳೇ ಅಟ್ಟೆಗಳನ್ನ ಎಸೆದ್ರಾ?" ಎಂದು ಕೇಳಿದಳು.

"ಇಲ್ಲ. ಡಬ್ಬಿಯಲ್ಲಿದಾವೆ."

"ನಾಳೆ ತೋರಿಸಿ. ಹದಿಮೂರನ್ನೂ. ಸಾಲಾಗಿ ಇಟ್ಟು, ಗಿರಾಕಿಗೆ ಹೇಳೋ ಹಾಗೆ ಹೇಳಿ. ಎಷ್ಟು ದಿನಕ್ಕೆ ಎಷ್ಟು ಅಂತ."

"ಹೇಳ್ತೀನಿ."

"ಮೊಳೆ ಕಚ್ಕೋಬಾರ್ದು."

"ಇಲ್ಲ."

ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಮೇಲೆ ಆರು, ಕೆಳಗೆ ಹನ್ನೊಂದು. ಇವತ್ತಿಗೆ ಮೇಲೇ ವಾಸಿ." ಹಿಮ್ಮುಖವಾಗಿ ಕೂತಂತೆಯೇ ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ ಮೈಯನ್ನು ಎತ್ತಿದಳು. ಅವನು ಅವಳ ಕಾಲುಗಳನ್ನು ಒಟ್ಟಿಗೆ ಹಿಡಿದು ಮೇಲಕ್ಕೆ ಕೊಟ್ಟ. ಹಾಗೆ ಒಂದೊಂದಾಗಿ ಆರು. ಕೊನೆಯದರಲ್ಲಿ ಅವಳು ಏದುಸಿರಿನ ನಡುವೆ, "ದೊಡ್ಡಮ್ಮನ್ನ ಪಲ್ಲಕ್ಕೀಲಿ ಕರ್ಕೊಂಡು ಬಂದ ಹಾಗಾಯ್ತು," ಎಂದಳು. ಅವನಿಗೆ ನಗು ಬಂತು. ನಗಬಹುದೋ ಇಲ್ಲವೋ ತಿಳಿಯದೆ ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. "ತಮ್ಮನಿಗೆ ಹೇಳಿ ಕಳಿಸಿ," ಎಂದಳು. "ಕಿಟಕಿ ಬೀದಿ ಕಡೆಗಿರಲಿ. ಆ ಮಣೆ ಕೆಳಗೆ ಬರಬೇಕು."

ಎರಡು ದಿನದ ಕೆಲಸ ನಾಲ್ಕು ದಿನವಾಯಿತು. ಬಡಗಿ ಒಂದು ಮಾತೂ ಚುಚ್ಚಲಿಲ್ಲ. ಕಿಟಕಿಯ ಚೌಕಟ್ಟನ್ನು ಮಾತ್ರ ಕೂತವರಿಗೆ ಬೀದಿ ಕಾಣುವಷ್ಟು ತಗ್ಗಿನಲ್ಲಿ ಕೂರಿಸಿದ.

ಐದನೆಯ ದಿನ ಬೆಳಿಗ್ಗೆ ಅವಳು ಕೂತುಕೊಂಡೇ ಹದಿನೇಳು ಮೆಟ್ಟಿಲನ್ನೂ ಇಳಿದಳು. ತಿರುಗಿ ನೋಡಲಿಲ್ಲ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಮೇಸ್ತ್ರಿ ಬಾಗಿಲ ಬಳಿ ಕೈಮುಗಿದು ನಿಂತ. ಮೊದಲ ಸಾಲು ಹೇಳಿದ. ತಡೆದು, ಎರಡನೆಯದನ್ನೂ ಹೇಳಿದ. ಆಮೇಲೆ ಬಕೆಟ್ಟಿನಲ್ಲಿ ನೀರು, ಬಟ್ಟೆ ಹಿಡಿದು ಮೆಟ್ಟಿಲು ಒರೆಸಲು ಹೋದ. ಮರದ ಪುಡಿ ಮೇಲಿನವರೆಗೂ ಹಾರಿತ್ತು.

ಮೇಲಿನಿಂದ ಒರೆಸುತ್ತ ಬಂದ. ಪ್ರತಿ ಮೆಟ್ಟಿಲ ಮುಖದಲ್ಲೂ, ಬಲಗಡೆಗೆ, ಒಂದೇ ಎತ್ತರದಲ್ಲಿ, ಹೆಬ್ಬೆರಳು ತಾಗಿದ ಗುರುತಿತ್ತು. ಹಳೆಯವು ಬೂದು. ಅವುಗಳ ಮೇಲೆ ಅವನ ಪಾಲಿಶ್ಶಿನ ಕರಿ. ಪುಡಿ ಒರೆಸಿದಂತೆಲ್ಲ ಅವು ಇನ್ನೂ ಸ್ಪಷ್ಟವಾದವು. ಹನ್ನೊಂದನೆಯ ಮೆಟ್ಟಿಲಿಗೆ ಬಂದಾಗ ಅವನು ಬಟ್ಟೆಯನ್ನು ಹಿಂಡಿ, ಅಲ್ಲೇ ಕೂತ.

ಕೆಳಗಿನಿಂದ ಅವಳ ದನಿ ಕೇಳಿತು. ಅಂಗಡಿಗೆ ಯಾರೋ ಬಂದಿದ್ದರು.

"ಅವರು ಬರ್ತಾರೆ, ಕೂತ್ಕೊಳ್ಳಿ. ಇಲ್ಲಿ ಕೊಡಿ, ನೋಡೋಣ." ಚಪ್ಪಲಿ ಹಲಗೆಗೆ ತಾಗಿದ ಸದ್ದು. "ನಿಮಗೆ ಎಡ ಮೊಣಕಾಲು ನೋಯುತ್ತಾ?"

ಮೇಸ್ತ್ರಿ ಒದ್ದೆ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದ. ಬಟ್ಟೆಯಿಂದ ನೀರು ಒಂದೊಂದೇ ಹನಿಯಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಕೆಳಗೆ ಇನ್ನೂ ಹತ್ತು ಮೆಟ್ಟಿಲುಗಳ ಗುರುತುಗಳು ಪುಡಿಯ ಅಡಿಯಲ್ಲಿ ಹಾಗೇ ಇದ್ದವು.